ಶನಿವಾರ ಸಂಜೆ ಬೇಡ ಚಿಕ್ಕಪ್ಪ, ಬೆಳಿಗ್ಗೆಯೇ ಹೊರಡಿ

ಚಿಕ್ಕಪ್ಪ, ಮಗಳನ್ನು ಮಲಗಿಸಿ ಈಗಷ್ಟೇ ನಿಮ್ಮ ಮಾತು ಕೇಳಿಸಿಕೊಂಡೆ. ಭಾನುವಾರದ ಸತ್ಯನಾರಾಯಣ ಪೂಜೆಗೆ ಶನಿವಾರ ಸಂಜೆ ಐದಕ್ಕೆ ಅಮೆರಿಕದ ಈ ಉತ್ತರ ಡಕೋಟ ರಾಜ್ಯದ ಬಿಸ್ಮಾರ್ಕ್ ಬಿಟ್ಟು, ತಂಪುಹೊತ್ತಿನಲ್ಲಿ ನಮ್ಮ ಫಾರ್ಗೋ ಸೇರುತ್ತೇವೆ ಎಂದಿದ್ದೀರಿ. ತಮ್ಮ ಬೇಡವೆಂದರೆ, "ಆಕಾಶದಲ್ಲಿ ಅಂಗೈಯಗಲ ಮೋಡವಿಲ್ಲ, ಇಲ್ಲಿಯವರು ಗುಡುಗಿಗೂ ಹೆದರುತ್ತಾರೆ" ಎಂದಿರಂತೆ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಚಿಕ್ಕಮ್ಮನಿಗೂ ಕೇಳಿಸಿ. ತಮ್ಮ ಹೇಳಿದ್ದೇ ಸರಿ.

ಮೊದಲನೆಯದು, ಇಲ್ಲಿ ಸಂಜೆ ಐದು ತಂಪುಹೊತ್ತಲ್ಲ. ಜುಲೈ ತಿಂಗಳಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತರ ಮೇಲೆ. ಧಗೆ ಏರಿ ನಿಲ್ಲುವುದು ಸರಿಯಾಗಿ ಆ ಐದರ ಹೊತ್ತಿಗೆ. ಶನಿವಾರ 36 ಡಿಗ್ರಿ ಎಂದಿದ್ದಾರೆ. ಚಿತ್ರದುರ್ಗದ ಬಿಸಿಲು ಕಂಡವರಿಗೆ 36 ಯಾವ ಲೆಕ್ಕ ಎನ್ನುತ್ತೀರಿ, ನನಗೆ ಗೊತ್ತು. ಆದರೆ ನಮ್ಮೂರಿನದು ಒಣ ಬಿಸಿಲು, ಇದು ಮಂಗಳೂರಿನ ಸೆಕೆ. ದಕ್ಷಿಣದ ಮೆಕ್ಸಿಕೋ ಕೊಲ್ಲಿಯಿಂದ ತೇವ ಹೊತ್ತ ಗಾಳಿ ಇಲ್ಲಿಯವರೆಗೂ ಬರುತ್ತದೆ. ಅದರ ಮೇಲೆ, ನೀವು ದಾರಿಯುದ್ದಕ್ಕೂ ನೋಡುವ ಮೆಕ್ಕೆಜೋಳದ ಹೊಲಗಳೆಲ್ಲ ನೆಲದ ನೀರನ್ನು ಎಲೆಯಿಂದ ಆವಿಯಾಗಿ ಬಿಡುತ್ತವೆ. ಇಲ್ಲಿಯ ರೈತರು ಅದನ್ನು ಜೋಳದ ಬೆವರು ಎಂದೇ ಕರೆಯುತ್ತಾರೆ. ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ಇಬ್ಬನಿಯಾಗತೊಡಗುವ ಉಷ್ಣತೆ, 23 ಡಿಗ್ರಿ ದಾಟಿದರೆ ಮೈಯ ಬೆವರು ಆರುವುದೇ ಇಲ್ಲ, 36 ಇದ್ದದ್ದು 42ರಂತೆ ಸುಡುತ್ತದೆ. ಚಿಕ್ಕಮ್ಮ ರಕ್ತದೊತ್ತಡದ ಮಾತ್ರೆ ನುಂಗುವವರು, ಜೊತೆಗೆ ಹಸುಗೂಸು ಬೇರೆ.

ಚಳಿ ದೇಶದಲ್ಲಿ ಇದೆಂಥ ಬಿಸಿಲು ಎಂದೂ ಕೇಳಿದ್ದೀರಿ. ನೀವು ಬರುವ ಹೆದ್ದಾರಿಯಲ್ಲೇ, ಬಿಸ್ಮಾರ್ಕ್ ಬಿಟ್ಟು ಮುಕ್ಕಾಲು ಗಂಟೆಯೊಳಗೆ ಸ್ಟೀಲ್ ಎಂಬ ಪುಟ್ಟ ಊರು ಸಿಗುತ್ತದೆ. 1936ರ ಜುಲೈ 6ರಂದು ಅಲ್ಲಿ 49.4 ಡಿಗ್ರಿ ದಾಖಲಾಗಿದೆ. ಅದೇ ವರ್ಷದ ಫೆಬ್ರವರಿಯಲ್ಲಿ ಇದೇ ರಾಜ್ಯದ ಪಾರ್ಶಲ್‌ನಲ್ಲಿ ಮೈನಸ್ 51 ಇತ್ತು. ಸಮುದ್ರ ಹತ್ತಿರವಿಲ್ಲ, ಅಡ್ಡಲಾಗಿ ಒಂದು ಗುಡ್ಡವಿಲ್ಲ; ಯಾವ ಗಾಳಿ ಬಂದರೂ ಈ ಬಯಲು ತಡೆಯುವುದಿಲ್ಲ.

ಇನ್ನು ಆ ಖಾಲಿ ಆಕಾಶದ ಮಾತು. ಅದನ್ನು ನಂಬಲೇಬೇಡಿ. ಪಶ್ಚಿಮದ ಬೆಟ್ಟಸೀಮೆಯಿಂದ ಬರುವ ಬಿಸಿ ಒಣಗಾಳಿ, ನೆಲದಿಂದ ಒಂದೆರಡು ಕಿಲೋಮೀಟರ್ ಮೇಲೆ ತಟ್ಟೆಯಂತೆ ಕೂರುತ್ತದೆ. ಕುದಿಯುವ ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿ ಮೇಲೆ ಗುಂಡುಕಲ್ಲು ಹೇರಿದ ಹಾಗೆ. ಕೆಳಗೆ ಹಗಲೆಲ್ಲ ತೇವ, ಶಾಖ ಎರಡೂ ಸೇರುತ್ತಲೇ ಇರುತ್ತವೆ, ಮೋಡ ಮಾತ್ರ ಏಳುವುದಿಲ್ಲ. ಸಂಜೆ ವಾಯವ್ಯದಿಂದ ತಣ್ಣನೆಯ ಗಾಳಿ ನುಗ್ಗಿ ಆ ತಟ್ಟೆಯನ್ನು ಎತ್ತಿತೆಂದರೆ, ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ಮೋಡ ಗೋಪುರದಂತೆ ಎದ್ದುಬಿಡುತ್ತದೆ. ನಮ್ಮೂರಿನ ಅಡ್ಡಮಳೆ ಗುಡುಗಿ, ಸುರಿದು, ದೀಪ ಹಚ್ಚುವ ಹೊತ್ತಿಗೆ ಹೊಳವಾಗುತ್ತದೆ. ಇಲ್ಲಿ ಹಾಗಲ್ಲ. ನೆಲದ ಹತ್ತಿರ ಆಗ್ನೇಯದ ಗಾಳಿ, ಮೇಲೆ ಬಿರುಸಾದ ಪಡುವಣ ಗಾಳಿ. ಎರಡರ ನಡುವೆ ಮೋಡವೇ ಬುಗುರಿಯಂತೆ ತಿರುಗತೊಡಗುತ್ತದೆ. ಕತ್ತಲಾದ ಮೇಲೂ ದಕ್ಷಿಣದ ಗಾಳಿ ಜೋರಾಗಿ ಬೀಸಿ ಅದಕ್ಕೆ ತೇವ ಉಣಿಸುತ್ತಲೇ ಇರುತ್ತದೆ. 2025ರ ಜೂನ್ 20ರಂದು, ನಮ್ಮ ಮನೆಯಿಂದ ಒಂದು ಗಂಟೆಯ ದಾರಿಯಲ್ಲಿರುವ ಎಂಡರ್ಲಿನ್ ಊರಿನ ಬಳಿ ಸುಂಟರಗಾಳಿ ಬಂದಾಗ ರಾತ್ರಿ ಹನ್ನೊಂದು ಗಂಟೆ. ಮೂವರು ತೀರಿಕೊಂಡರು. ಸರಕು ರೈಲಿನ ಡಬ್ಬಿಗಳನ್ನು ಹಳಿಯಿಂದೆತ್ತಿ ಎಸೆದಿತ್ತು. ಅದಕ್ಕೆ ಆಮೇಲೆ ಇಎಫ್-5, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆ ಕೊಟ್ಟರು. 2013ರ ನಂತರ ಈ ದೇಶದಲ್ಲಿ ಅಂಥದ್ದು ಅದೇ ಮೊದಲು.

ಆಲಿಕಲ್ಲಿನ ವಿಷಯ ನಾನೇ ಕಂಡದ್ದು. ಒಂದು ಸಂಜೆ ಹಿತ್ತಲಲ್ಲಿ ಮೆಂತ್ಯ ಸೊಪ್ಪು ಕೀಳುತ್ತಿದ್ದೆ. ಬೀಸುತ್ತಿದ್ದ ಗಾಳಿ ತಟ್ಟನೆ ನಿಂತಿತು. ಪಕ್ಕದ ಮನೆಯ ಬಾವುಟ ಕಂಬಕ್ಕೆ ಒದ್ದೆ ಬಟ್ಟೆಯಂತೆ ಅಂಟಿಕೊಂಡಿತು, ಹಕ್ಕಿಗಳ ಸದ್ದಡಗಿತು, ಪಶ್ಚಿಮದ ಆಕಾಶ ಪಾಚಿ ಹಿಡಿದ ಕೊಳದ ಬಣ್ಣಕ್ಕೆ ತಿರುಗಿತು. ಮೆಟ್ಟಿಲ ಮರದ ಮೇಲೆ ಟಕ್ ಎಂದು ಒಂದೇ ಒಂದು ಬಿತ್ತು. ಒಳಗೆ ಓಡಿ ಬಾಗಿಲು ಹಾಕುವಷ್ಟರಲ್ಲಿ ಮಾತೇ ಕೇಳಿಸದಷ್ಟು ಸದ್ದು. ನಾಲ್ಕೈದು ನಿಮಿಷವಷ್ಟೇ. ಆಮೇಲೆ ಒಂದನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ನೋಡಿದೆ: ಫ್ರಿಜ್ಜಿನ ನಿಂಬೆಹಣ್ಣಿಗಿಂತ ದಪ್ಪ, ಒಡೆದರೆ ಒಳಗೆ ಈರುಳ್ಳಿಯಂತೆ ಸುತ್ತು ಸುತ್ತು, ಒಂದು ಬಿಳಿ, ಒಂದು ಗಾಜು. ಟೊಮೆಟೊ ಗಿಡಗಳಲ್ಲಿ ಕಡ್ಡಿ ಮಾತ್ರ ಉಳಿದಿತ್ತು. ದಕ್ಷಿಣ ಡಕೋಟದ ವಿವಿಯನ್‌ನಲ್ಲಿ 2010ರ ಜುಲೈನಲ್ಲಿ ಬಿದ್ದದ್ದು 20 ಸೆಂಟಿಮೀಟರ್ ಅಗಲ, ಸುಮಾರು 880 ಗ್ರಾಂ ತೂಕ. ಓಡುವ ಕಾರಿನ ಗಾಜಿಗೆ ನನ್ನ ನಿಂಬೆಗಾತ್ರದ್ದೇ ಸಾಕು.

ಒಕ್ಲಹೋಮಾದ ನಾರ್ಮನ್‌ನಲ್ಲಿರುವ ಬಿರುಗಾಳಿ ಮುನ್ಸೂಚನಾ ಕೇಂದ್ರ ಅಪಾಯವನ್ನು ಐದು ಹಂತ ಮಾಡಿದೆ. ಶನಿವಾರ ಸಂಜೆಗೆ ನಿಮ್ಮ ದಾರಿಯೆಲ್ಲ ಕಿತ್ತಳೆ ಬಣ್ಣದ ಮೂರನೆಯ ಹಂತದಲ್ಲಿದೆ. ಗಾಳಿಗೆ ನೂರಕ್ಕೆ ಮೂವತ್ತು ಎಂದದ್ದನ್ನು ಕೇಳಿ, ಎಪ್ಪತ್ತು ಪಾಲು ಏನೂ ಇಲ್ಲವಲ್ಲ ಎಂದಿರಿ. ಅದು ನೀವು ನಿಂತ ಜಾಗದಿಂದ 40 ಕಿಲೋಮೀಟರ್ ಒಳಗೆ ಗಂಟೆಗೆ 93 ಕಿಲೋಮೀಟರ್ ಮೀರಿದ ಗಾಳಿ ಬೀಸುವ ಸಾಧ್ಯತೆ. ನೀವು ಒಂದು ಕಡೆ ನಿಲ್ಲುವವರಲ್ಲ, ಮೂರು ಗಂಟೆ ಬಯಲಿನಲ್ಲಿ ಓಡುವವರು.

ಹಾಗಾಗಿ ಬೆಳಿಗ್ಗೆ ಏಳಕ್ಕೇ ಹೊರಟುಬಿಡಿ. ತಮ್ಮಾ, ನೀನು ಕೇಳಿಸಿಕೋ: ಮೊಬೈಲಿನ ಸದ್ದು ಅಡಗಿಸಬೇಡ. "ವಾಚ್" ಎಂದು ಬಂದರೆ ಮುಂದಿನ ಕೆಲವು ಗಂಟೆ ಕಣ್ಣಿಟ್ಟಿರು ಎಂದರ್ಥ. "ವಾರ್ನಿಂಗ್" ಎಂದರೆ ಬಂದೇಬಿಟ್ಟಿದೆ. ಎಚ್ಚರಿಕೆಯಲ್ಲಿ ಊರಿನ ಬದಲು ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥದ್ದರ, ಹೆಸರು ಹೇಳುವುದೇ ಹೆಚ್ಚು. ಬರ್ಲಿ, ಕಿಡರ್, ಸ್ಟಟ್ಸ್‌ಮನ್, ಬಾರ್ನ್ಸ್, ಕ್ಯಾಸ್: ಇದೇ ಸಾಲಿನಲ್ಲಿ ಬರುತ್ತವೆ, ಬರೆದಿಟ್ಟುಕೋ. ಸಿಕ್ಕಿಹಾಕಿಕೊಂಡರೆ ಪೆಟ್ರೋಲ್ ಬಂಕಿನ ಕಟ್ಟಡದೊಳಗೆ ಹೋಗು. ಮೇಲ್ಸೇತುವೆಯ ಕೆಳಗೆ ಮಾತ್ರ ನಿಲ್ಲಿಸಬೇಡ, ಆ ಇಕ್ಕಟ್ಟಿನಲ್ಲಿ ಗಾಳಿಯ ಬಿರುಸು ಇನ್ನೂ ಹೆಚ್ಚುತ್ತದೆ. ಮಗುವನ್ನು ಕಾರಿನಲ್ಲಿ ಬಿಟ್ಟು ಒಂದು ನಿಮಿಷಕ್ಕೂ ಇಳಿಯಬೇಡ.

ನಮ್ಮ ನೆಲಮಾಳಿಗೆಯಲ್ಲಿ ಚಾಪೆ ಹಾಸಿದ್ದೇನೆ. ಟಾರ್ಚು, ನೀರು, ಎಲ್ಲರ ಚಪ್ಪಲಿ ಅಲ್ಲೇ ಇರುತ್ತವೆ, ಒಡೆದ ಗಾಜು ತುಳಿಯಬಾರದಲ್ಲ. ಚಿಕ್ಕಮ್ಮ, ಮಾತ್ರೆಯ ಡಬ್ಬಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಚಿಕ್ಕಪ್ಪ, ಮಳೆ ಬಂದರೆ ಜಗಲಿಯಲ್ಲಿ ಕುರ್ಚಿ ಹಾಕಿ ಕೂರುವುದು ನಿಮಗೆ ಎಷ್ಟು ಇಷ್ಟ ಎಂದು ಗೊತ್ತು, ಚಿಕ್ಕಂದಿನಲ್ಲಿ ನಿಮ್ಮ ಪಕ್ಕದಲ್ಲೇ ಕೂತು ಸಿಡಿಲು ಎಣಿಸಿದವಳು ನಾನು. ಶನಿವಾರ ರಾತ್ರಿ ಮಾತ್ರ ನಾನು ಕರೆದ ಕೂಡಲೇ ಕೆಳಗೆ ಬನ್ನಿ.

ಅರ್ಧ ದಾರಿಯಲ್ಲಿ ಜೇಮ್ಸ್‌ಟೌನ್ ಸಿಗುತ್ತದೆ, ಕಾಂಕ್ರೀಟಿನ ದೊಡ್ಡ ಕಾಡೆಮ್ಮೆ ನಿಲ್ಲಿಸಿರುವ ಊರು. ಅಲ್ಲಿ ಇಳಿದು ನೀರು ಕುಡಿದು ನನಗೊಂದು ಫೋನ್ ಮಾಡಿ. ಹತ್ತೂವರೆಗೆ ಕಾಫಿ ಸೋಸಿಟ್ಟಿರುತ್ತೇನೆ.