ಕೊಡಗಿನ ಬೆಟ್ಟ-ಗದ್ದೆಯ ವಾರ್‌ಗೇಮ್ ಟೇಬಲ್: ಎಷ್ಟು ಪದರ, ಯಾವ ಶೀಟು, ಮಳೆಗಾಲಕ್ಕೆ ಏನು ದಾರಿ?

ಕಕ್ಕಬೆ_ಕಣಿವೆ

ವಾರ್‌ಗೇಮ್‌ಗೆ, ಅಂದರೆ ಪುಟ್ಟ ಸೈನಿಕ ಗೊಂಬೆಗಳಿಂದ ಆಡುವ ಯುದ್ಧದಾಟಕ್ಕೆ, 6×4 ಅಡಿ ಟೇಬಲ್ ಮೇಲೆ ಕಕ್ಕಬೆ ಬಳಿಯ ನಾಲ್ಕುನಾಡು ಅರಮನೆಯಿಂದ ತಡಿಯಂಡಮೋಳ್ ಬೆಟ್ಟದ ತುದಿಯವರೆಗಿನ ಜಾಗವನ್ನು ಏರು-ತಗ್ಗು ಸಮೇತ ಮಾಡಬೇಕೆಂದಿದ್ದೇನೆ. ಕಾಲ 1834ರ ಏಪ್ರಿಲ್. ಕೊಡಗಿನ ರಾಜನ ಪಡೆಗೂ ಈಸ್ಟ್ ಇಂಡಿಯಾ ಕಂಪನಿಯ ಪಡೆಗೂ ನಡುವೆ ಒಂದು ಕಲ್ಪಿತ ಕಾದಾಟ. ಮಿನಿಯೇಚರ್‌ಗಳು (ಗೊಂಬೆಗಳು) 28 ಮಿ.ಮೀ. ಎತ್ತರದವು, ಅವು ನಿಲ್ಲುವ ಬೇಸ್ 25 ಮಿ.ಮೀ. ಅಗಲ.

ಅಂದುಕೊಂಡಿರುವುದು ಹೀಗೆ: 1:50,000 ಸರ್ವೆ ನಕ್ಷೆಯನ್ನು ಹಿಗ್ಗಿಸಿ ಪ್ರಿಂಟ್ ತೆಗೆಯುವುದು, 20 ಮೀಟರಿನ ಒಂದೊಂದು ಕಾಂಟೂರ್ ಗೆರೆಗೂ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) 25 ಮಿ.ಮೀ. ಥರ್ಮಾಕೋಲ್‌ನ ಒಂದು ಪದರ, ತಳಕ್ಕೆ 4 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಮೇಲೆ ಸ್ಪ್ರೇ ಪೇಂಟ್. ಇಳಿಜಾರಿನಲ್ಲಿ ಕಾಫಿ ತೋಟ, ಕೆಳಗೆ ಹಸಿರು ಗದ್ದೆ, ಪಕ್ಕದಲ್ಲಿ ಹೆಂಚಿನ ಐನ್‌ಮನೆ (ಕೊಡವ ಕುಟುಂಬದ ಮೂಲಮನೆ), ಒಂದು ಕಡಂಗ (ಕೊಡಗಿನ ಹಳೆಯ ರಕ್ಷಣಾ ಕಂದಕ).

ಕೇಳಬೇಕಾದ್ದು ಮೂರು. ಪದರದ ಲೆಕ್ಕ ಸರಿಯೇ? ಇಳಿಜಾರಿನಲ್ಲಿ ಗೊಂಬೆಗಳು ಜಾರದೆ ನಿಲ್ಲಲು ಏನು ಮಾಡಬೇಕು? ಮಡಿಕೇರಿಯ ಮಳೆಗಾಲದಲ್ಲಿ ಇದು ಬಾಗದೆ, ಬೂಸ್ಟು ಹಿಡಿಯದೆ ಉಳಿಯುತ್ತದೆಯೇ?

ಅಳತೆಕೋಲು

ಶೀಟು ಕೊಳ್ಳುವ ಮೊದಲು ಸ್ಕೇಲ್ ತೀರ್ಮಾನ ಮಾಡಿ, ದಯವಿಟ್ಟು. ಏರು 700 ಮೀಟರ್ ಎಂದು ಹಿಡಿಯಿರಿ. 20 ಮೀಟರಿಗೊಂದು ಗೆರೆಯಾದರೆ 35 ಪದರ. ಒಂದೊಂದೂ 25 ಮಿ.ಮೀ. ಅಂದರೆ 87 ಸೆಂ.ಮೀ. ಎತ್ತರದ ಗುಡ್ಡ. ಅದರ ಹಿಂದೆ ಕೂತವರಿಗೆ ಎದುರಾಳಿಯ ಮುಖವೂ ಕಾಣುವುದಿಲ್ಲ.

6 ಅಡಿಯಲ್ಲಿ ಸುಮಾರು 9 ಕಿ.ಮೀ. ಹಿಡಿಸಬೇಕಾದರೆ ನೆಲದ ಸ್ಕೇಲ್ 1:5,000 ಆಗುತ್ತದೆ. ಆಗ 20 ಮೀಟರ್ ಅಂದರೆ 4 ಮಿ.ಮೀ. ಮಾತ್ರ, ಇಡೀ 700 ಮೀಟರ್ ಬೆಟ್ಟ 14 ಸೆಂ.ಮೀ. ನಿಮ್ಮ 28 ಮಿ.ಮೀ. ಸಿಪಾಯಿಗಳು ಐದು ಜನ ಒಬ್ಬರ ತಲೆಯ ಮೇಲೊಬ್ಬರು ನಿಂತರೆ ತಡಿಯಂಡಮೋಳಿನಷ್ಟು ಎತ್ತರ! 1,748 ಮೀಟರಿನ ಶಿಖರಕ್ಕೆ ಇದು ಒಪ್ಪುವುದಿಲ್ಲ. ಒಂದು ಬೇಸ್ ಅಂದರೆ ಒಂದು ದಳ ಎಂದು ಲೆಕ್ಕ ಹಾಕುವ ಆಟಕ್ಕೆ, 6 ಮಿ.ಮೀ. ಗೊಂಬೆಗಳಿಗೆ, ಇದೇ ನಕ್ಷೆ ಚೆನ್ನಾಗಿ ಹೊಂದುತ್ತದೆ.

28 ಮಿ.ಮೀ. ಗೊಂಬೆಯ ಸ್ಕೇಲ್ ಸುಮಾರು 1:56. ಆ ಲೆಕ್ಕದಲ್ಲಿ ನಿಮ್ಮ ಟೇಬಲ್ 100 ಮೀಟರ್ ಉದ್ದ, 68 ಮೀಟರ್ ಅಗಲದ ಜಾಗ, ಅಷ್ಟೆ. ಎರಡು ಕಾಂಟೂರ್ ಗೆರೆಗಳ ನಡುವಿನ ಅಂತರವೇ 36 ಸೆಂ.ಮೀ. ಎತ್ತರವಾಗುತ್ತದೆ. ಅಷ್ಟು ಚಿಕ್ಕ ಜಾಗದ ಬಗ್ಗೆ 1:50,000 ನಕ್ಷೆ ನಿಮಗೆ ಏನನ್ನೂ ಹೇಳುವುದಿಲ್ಲ. ಆದ್ದರಿಂದ ಬೆಟ್ಟದ ನಕಲು ಬಿಟ್ಟು ಒಂದು ತುಂಡನ್ನು ಆರಿಸಿಕೊಳ್ಳಿ: ಕೆಳಗೆ ಗದ್ದೆ ಬಯಲು, ಅದರಿಂದ ಏರುವ ಬಾಣೆ (ಗದ್ದೆಗೆ ಸೇರಿದ ಹುಲ್ಲು-ಮರದ ಇಳಿಜಾರು), ಮಧ್ಯೆ ಒಂದು ಕೊಲ್ಲಿ (ನೀರು ಹರಿಯುವ ಕಿರು ಕಣಿವೆ), ಮೇಲೆ ಕಾಡಿನ ಅಂಚು. ಅತಿ ಎತ್ತರದ ಜಾಗ 15 ಸೆಂ.ಮೀ. ದಾಟದಿರಲಿ.

ಮುಂದೆ 6 ಮಿ.ಮೀ. ಮಾಡುವುದಾದರೆ ಕೈಯಲ್ಲಿ ನಕ್ಷೆ ಹಿಗ್ಗಿಸಬೇಡಿ. ಸುಮಾರು 30 ಮೀಟರಿಗೊಂದು ಬಿಂದುವಿನಂತೆ ನೆಲದ ಎತ್ತರ ಕೊಡುವ ಎಸ್‌ಆರ್‌ಟಿಎಂ ದತ್ತಾಂಶ (ಬಾಹ್ಯಾಕಾಶ ನೌಕೆಯಿಂದ ಮಾಡಿದ ಅಳತೆ) ಉಚಿತವಾಗಿ ಸಿಗುತ್ತದೆ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶಕ್ಕೆ ಹಾಕಿ, ಮೊದಲು ಮೀಟರಿನಲ್ಲಿ ಅಳೆಯುವ ಯುಟಿಎಂ ವಲಯ 43 ಉತ್ತರಕ್ಕೆ ಬದಲಿಸಿ, ಆಮೇಲೆ ಕಾಂಟೂರ್ ತೆಗೆಯಿರಿ. ಬದಲಿಸದಿದ್ದರೆ ಅಡ್ಡಳತೆ ಡಿಗ್ರಿಯಲ್ಲೇ ಉಳಿದು ಪ್ರಿಂಟ್‌ನ ಸ್ಕೇಲ್ ಕೆಡುತ್ತದೆ. 5 ಮಿ.ಮೀ. ಶೀಟಿಗೆ 25 ಮೀಟರ್ ಅಂತರದ ಗೆರೆ ಸರಿಹೊಂದುತ್ತದೆ. ಪ್ರಿಂಟನ್ನು ಫ್ಲೆಕ್ಸ್ ಅಂಗಡಿಯಲ್ಲಿ ಒಂದೇ ತುಂಡಾಗಿ ಹಾಕಿಸಿ. ಇಲ್ಲಿ ಇನ್ನೊಂದು ತೊಡಕಿದೆ. ಎಸ್‌ಆರ್‌ಟಿಎಂ ರೇಡಾರ್ ಅಳತೆಯಾದ್ದರಿಂದ ದಟ್ಟ ಕಾಡಿರುವ ಕಡೆ ಅದು ಕೊಡುವ ಎತ್ತರ ನೆಲದ್ದಲ್ಲ, ಮರದ ತಲೆಗೆ ಹತ್ತಿರದ್ದು. ಕೊಡಗಿನಲ್ಲಿ ಹುಲ್ಲು ಮುಗಿದು ಶೋಲಾ ಕಾಡು ಶುರುವಾಗುವ ಕಡೆ ಇಲ್ಲದ ಒಂದು ದಿಣ್ಣೆ ಕಾಣುತ್ತದೆ. ಅದನ್ನು ಕೈಯಾರೆ ಸವರಿ ತೆಗೆಯಿರಿ.

ಗದ್ದೆಬದು

ಸ್ಕೇಲ್ ವಿಷಯ ಮೇಲಿನವರು ಹೇಳಿದ ಹಾಗೆಯೇ. ನಾನು ಸಾಮಾನಿನ ಬಗ್ಗೆ ಹೇಳುತ್ತೇನೆ.

ಥರ್ಮಾಕೋಲ್ ಬೇಡ. ಕೊರೆದಾಗ ಕಾಳು ಉದುರುತ್ತದೆ, ಅಂಚು ನಿಲ್ಲುವುದಿಲ್ಲ. ಚಾವಣಿಗೆ ಶಾಖ ತಡೆಯಲು ಹಾಕುವ ಎಕ್ಸ್‌ಪಿಎಸ್ ಬೋರ್ಡ್ (ಒತ್ತಾದ ಗಟ್ಟಿ ಫೋಮ್) ತನ್ನಿ. ಸಾಮಾನ್ಯವಾಗಿ 1250×600 ಮಿ.ಮೀ. ಅಳತೆಯಲ್ಲಿ ಬರುತ್ತದೆ. ಒಂದು ಬೋರ್ಡಿನಲ್ಲಿ 60×60 ಸೆಂ.ಮೀ.ನ ಎರಡು ಚೌಕ, ಮೂರು ಬೋರ್ಡಿಗೆ ಆರು ಚೌಕ, ಅಂದರೆ 180×120. ನಿಮ್ಮ ಟೇಬಲ್ ಮುಗಿಯಿತು. ಅಡಿಗೆ 50 ಮಿ.ಮೀ.ದು ಮೂರು, ಬೆಟ್ಟಕ್ಕೆ 25 ಮಿ.ಮೀ.ದು ನಾಲ್ಕೈದು ಸಾಕು. ಅಡಿಪದರ 50 ಮಿ.ಮೀ. ಇರಲೇಬೇಕು. ಕಡಂಗ, ತೋಡು, ಗದ್ದೆ ಇವೆಲ್ಲ ನೆಲಮಟ್ಟಕ್ಕಿಂತ ಕೆಳಗಿರುವಂಥವು. ತೆಳು ಹಲಗೆಯ ಮೇಲೆ ಗುಡ್ಡ ಅಂಟಿಸಿಬಿಟ್ಟರೆ ಆಮೇಲೆ ಅಗೆಯಲು ಜಾಗವೇ ಇರುವುದಿಲ್ಲ.

ಕೊರೆಯಲು 28 ಗೇಜ್ ನೈಕ್ರೋಮ್ ತಂತಿ (ವಿದ್ಯುತ್ ಹರಿದರೆ ಕಾಯುವ ತಂತಿ), 30 ಸೆಂ.ಮೀ. ಬಿಗಿಯಾಗಿ ಎಳೆದು ಕಟ್ಟಿ. ಅಷ್ಟು ಉದ್ದಕ್ಕೆ ಸುಮಾರು 4 ಓಮ್ ರೋಧ. 5ರಿಂದ 6 ವೋಲ್ಟ್ ಕೊಟ್ಟರೆ ಒಂದೂವರೆ ಆಂಪಿಯರ್ ಆಸುಪಾಸು, ಅದು ಸಾಕು. ನೇರ 12 ವೋಲ್ಟ್ ಕೊಟ್ಟರೆ 3 ಆಂಪಿಯರ್ ಹರಿದು ತಂತಿ ಕೆಂಪಾಗುತ್ತದೆ, ಫೋಮ್ ಕರಗಿ ಬೇಕಾದ್ದಕ್ಕಿಂತ ಅಗಲವಾಗಿ ಕೊರೆಯುತ್ತದೆ. 12 ವೋಲ್ಟ್ ಅಡಾಪ್ಟರ್ ಮಾತ್ರ ಇದ್ದರೆ ಎಲ್‌ಇಡಿ ಪಟ್ಟಿಯ ಡಿಮ್ಮರ್ ಅನ್ನು ನಡುವೆ ಹಾಕಿ. ತಂತಿ ಮುಟ್ಟಿದಲ್ಲಿ ಹೊಗೆ ಏಳುತ್ತಿದ್ದರೆ ಶಾಖ ಜಾಸ್ತಿ ಎಂದೇ ಅರ್ಥ. ಕಿಟಕಿ ತೆರೆದಿಟ್ಟೇ ಕೊರೆಯಿರಿ, ಆ ಹೊಗೆ ಒಳ್ಳೆಯದಲ್ಲ.

ಅಂಟಿನಲ್ಲೇ ಹೆಚ್ಚು ಜನ ಎಡವುವುದು. ಚಪ್ಪಲಿಗೆ ಹಾಕುವ ರಬ್ಬರ್ ಅಂಟು ಫೋಮನ್ನು ತಿಂದುಹಾಕುತ್ತದೆ, ಸ್ಪ್ರೇ ಪೇಂಟೂ ಅಷ್ಟೆ. ಬಿಳಿ ಫೆವಿಕಾಲ್ ತಿನ್ನುವುದಿಲ್ಲ. ಆದರೆ ಎರಡು ಶೀಟಿನ ನಡುವೆ ಗಾಳಿಯಾಡದ ಕಾರಣ ಅಂಚು ಒಣಗಿ ಮಧ್ಯ ಹಸಿಯಾಗಿಯೇ ಉಳಿಯುತ್ತದೆ. ಜುಲೈಯಲ್ಲಿ ವಾರವಾದರೂ ಅದು ಹಾಗೇ ಇರುತ್ತದೆ. ಇದಕ್ಕೆ ಡಬ್ಬಿಯಲ್ಲಿ ಬರುವ ಪಿಯು (ಪಾಲಿಯುರೆಥೇನ್) ಫೋಮ್ ಒಳ್ಳೆಯದು, ಏಕೆಂದರೆ ಅದು ಗಟ್ಟಿಯಾಗಲು ತೇವವೇ ಬೇಕು, ಅದಕ್ಕೆ ನಮ್ಮಲ್ಲಿ ಬರವಿಲ್ಲ. ತೆಳುವಾಗಿ ಗೆರೆ ಎಳೆದು, ಪದರವನ್ನು ಒತ್ತಿ, ಮೇಲೆ ಹತ್ತು ಕಿಲೋ ಭಾರ ಹೇರಿ ಒಂದು ರಾತ್ರಿ ಬಿಡಿ. ಭಾರ ಇಡದಿದ್ದರೆ ಉಬ್ಬಿ ಪದರವನ್ನೇ ಎತ್ತಿಬಿಡುತ್ತದೆ. ಬಿದಿರು ಕಡ್ಡಿ ಚುಚ್ಚುವುದಾದರೆ ತಂತಿಯಲ್ಲಿ ಕೊರೆಯುವ ಕೆಲಸ ಪೂರ್ತಿ ಮುಗಿದ ಮೇಲೆ ಚುಚ್ಚಿ, ಇಲ್ಲದಿದ್ದರೆ ತಂತಿ ಕಡ್ಡಿಗೆ ಸಿಕ್ಕಿ ನಿಲ್ಲುತ್ತದೆ.

ಜಾರುವ ಸಮಸ್ಯೆಗೆ ಒಂದೇ ಲೆಕ್ಕ: ಒಂದು ಏರಿದರೆ ಮೂರು ಮುಂದೆ. 25 ಮಿ.ಮೀ. ಏರಿಗೆ 75 ಮಿ.ಮೀ. ಓಟ. 15 ಸೆಂ.ಮೀ. ಏರಲು 45 ಸೆಂ.ಮೀ. ಬೇಕು ಅಂದರೆ ಟೇಬಲ್ ಅಗಲದಲ್ಲಿ ಮೂರರಲ್ಲೊಂದು ಪಾಲು ಇಳಿಜಾರಿಗೇ ಹೋಗುತ್ತದೆ. ಅಷ್ಟು ಜಾಗ ಕೊಡಲು ಆಗದಿದ್ದರೆ 35 ಮಿ.ಮೀ. ಅಗಲದ ಮಟ್ಟಸ ಮೆಟ್ಟಿಲು ಮಾಡಿ, ನಡುವಿನ ಏರನ್ನು ಕಡಿದಾಗಿಯೇ ಬಿಡಿ. 25ರ ಬೇಸ್ ಅಲ್ಲಿ ನೆಟ್ಟಗೆ ನಿಲ್ಲುತ್ತದೆ, ದೂರಕ್ಕೆ ಇಳಿಜಾರಿನ ಹಾಗೇ ಕಾಣುತ್ತದೆ.

ಹಳೇಕಡಂಗ

ಕಾಲದ ಬಗ್ಗೆ ಒಂದು ಮಾತು. 1834 ಎಂದು ಹೇಳಿ ಇಳಿಜಾರಿಗೆಲ್ಲ ಕಾಫಿ ತೋಟ ಹಾಕುವುದು ಸರಿಯಲ್ಲ. ಕೊಡಗಿನಲ್ಲಿ ಯುರೋಪಿಯನ್ನರ ದೊಡ್ಡ ತೋಟಗಳು ಶುರುವಾದದ್ದು 1850ರ ದಶಕದಲ್ಲಿ. ಈಗ ಕಣ್ಣಿಗೆ ಒಗ್ಗಿಹೋಗಿರುವ ಸಿಲ್ವರ್ ಓಕ್ ಕೂಡ ಆಸ್ಟ್ರೇಲಿಯಾದ ಮರ, ತೋಟಗಳ ಜೊತೆ ಬಂದದ್ದು. ಮಂಗಳೂರು ಹೆಂಚಿನ ಕಾರ್ಖಾನೆಗಳು ಬಂದದ್ದು 1860ರ ದಶಕದಲ್ಲಿ. ಐನ್‌ಮನೆಗೆ ಹುಲ್ಲಿನ ಮಾಡು ಹೊದಿಸಿ. ತೆಂಗಿನ ನಾರಿನ ಕಾಲೊರೆಸುವ ಚಾಪೆಯಿಂದ ಎಳೆ ಕತ್ತರಿಸಿ, ಕೆಳಗಿನಿಂದ ಮೇಲಕ್ಕೆ ಸಾಲು ಸಾಲಾಗಿ ಅಂಟಿಸಿದರೆ ಚೆನ್ನಾಗಿ ಬರುತ್ತದೆ.

ಏಪ್ರಿಲ್ ಎಂದ ಮೇಲೆ ಗದ್ದೆಯೂ ಹಸಿರಲ್ಲ. ಹುತ್ತರಿ ಹಬ್ಬದ (ನವೆಂಬರ್-ಡಿಸೆಂಬರ್) ಹೊತ್ತಿಗೆ ಕೊಯ್ಲಾದ ಗದ್ದೆ ಏಪ್ರಿಲ್‌ನಲ್ಲಿ ಒಣಗಿ ಬಿರುಕು ಬಿಟ್ಟು, ಕೂಳೆ ಮಾತ್ರ ಉಳಿದಿರುತ್ತದೆ. ಅದೇ ಚಾಪೆಯ ಎಳೆಯನ್ನು 3 ಮಿ.ಮೀ.ಗೆ ಕತ್ತರಿಸಿ ಸಾಲಾಗಿ ನೆಟ್ಟರೆ ಕೂಳೆ. ಬದು 9ರಿಂದ 10 ಮಿ.ಮೀ. ಅಗಲ ಇದ್ದರೆ 1:56ರಲ್ಲಿ ಅರ್ಧ ಮೀಟರಿನ ನಿಜವಾದ ಬದುವಾಗುತ್ತದೆ. ಒಂದು ಗದ್ದೆಯಿಂದ ಇನ್ನೊಂದಕ್ಕೆ 5 ಮಿ.ಮೀ. ಇಳಿತ ಸಾಕು. ತೋಡಿನಲ್ಲಿ ನೀರು ಒಂದು ಎಳೆಯಷ್ಟೇ ಇರಲಿ, ಉಳಿದದ್ದು ಕಲ್ಲು. ನೀರಿಗೆ ಹೊಳಪಿನ ನೀರು-ವಾರ್ನಿಷ್ ನಾಲ್ಕೈದು ಕೋಟ್ ಹಚ್ಚಿ. ಪಾಲಿಯೆಸ್ಟರ್ ರೆಸಿನ್ ಸುರಿಯಲೇಬೇಡಿ, ಫೋಮ್ ಕರಗಿ ಹಳ್ಳ ಬೀಳುತ್ತದೆ.

ಇನ್ನು ಕಡಂಗ. ಇದನ್ನು ಕಲ್ಲಿನ ಕೋಟೆಗೋಡೆಯ ಹಾಗೆ ಮಾಡಿದವರ ಚಿತ್ರಗಳನ್ನು ನೋಡಿದರೆ ಬೇಸರವಾಗುತ್ತದೆ. ಕಡಂಗ ಅಂದರೆ ಅಗೆದ ಕಂದಕ, ಆ ಮಣ್ಣನ್ನೇ ಪಕ್ಕಕ್ಕೆ ಪೇರಿಸಿದ ದಿಣ್ಣೆ. ಗುಡ್ಡದ ನೆತ್ತಿ ಸುತ್ತಿ, ಕಾಡು ಹೊಕ್ಕು, ಬಯಲು ದಾಟಿ ಸಾಗುತ್ತದೆ. ಟೇಬಲ್ ಮೇಲೆ ಅದು ಎಲ್ಲೋ ಮಧ್ಯದಲ್ಲಿ ಹುಟ್ಟಿ ಮಧ್ಯದಲ್ಲೇ ಮುಗಿಯಬಾರದು. ಒಂದು ಅಂಚಿನಿಂದ ಬಂದು ಇನ್ನೊಂದು ಅಂಚಿಗೆ ಹೋಗಲಿ. ಆಳ 30 ಮಿ.ಮೀ., ತಳದ ಅಗಲ 40 ಮಿ.ಮೀ. ಇಡಿ. ಅದಕ್ಕಿಂತ ಕಿರಿದಾದರೆ ಗೊಂಬೆ ಇಳಿಯುತ್ತದೆ, ಎತ್ತಲು ಬೆರಳು ಇಳಿಯುವುದಿಲ್ಲ. ದಿಣ್ಣೆ ಕಾಯುವವರ ಕಡೆಗಿರಲಿ, ತುದಿ ಗುಂಡಗಿರಲಿ, ಮೇಲೆ ಪೊದೆ ಬೆಳೆದಿರಲಿ. ಆ ಕಾಲಕ್ಕೇ ಅವು ಹಳೆಯವು. ಎರಡು ಕಡೆ 60 ಮಿ.ಮೀ. ತೆರವು ಬಿಡಿ, ಇಲ್ಲದಿದ್ದರೆ ಇಡೀ ಆಟ ಕಂದಕದಲ್ಲೇ ನಿಂತುಹೋಗುತ್ತದೆ.

ಬಣ್ಣದಲ್ಲೂ ಎಷ್ಟೋ ಜನ ತಿರುವುಮುರುವು ಮಾಡುತ್ತಾರೆ. ನಮ್ಮ ಎತ್ತರದ ಬೆಟ್ಟಗಳಲ್ಲಿ ನೆತ್ತಿ ಬೋಳು, ಹುಲ್ಲು ಮಾತ್ರ. ಮರ ಇರುವುದು ಮಡಿಕೆಯೊಳಗೆ, ನೀರು ಇಳಿಯುವ ಜಾಗದಲ್ಲಿ. ಏಪ್ರಿಲ್ ನೆತ್ತಿಗೆ ಒಣಹುಲ್ಲಿನ ಬಣ್ಣ, ಮಡಿಕೆಗೆ ಕಪ್ಪಿಗೆ ಹತ್ತಿರದ ಹಸಿರು.

ಕಕ್ಕಬೆ_ಕಣಿವೆ

ತುಂಬಾ ಉಪಕಾರವಾಯಿತು. ಒಂದು ತುಂಡನ್ನೇ ಮಾಡುತ್ತೇನೆ, ಕಾಫಿ ಗಿಡ ಬಿಟ್ಟೆ. ಕಾಡಿನ ನೆಲಕ್ಕೆ ಒಣಗಿಸಿದ ಕಾಫಿ ಚರಟ ಉದುರಿಸಬಹುದೇ? ಬೂಸ್ಟು ಬರದಂತೆ ಕೇರಂ ಬೋರ್ಡಿನ ಬೋರಿಕ್ ಪುಡಿಯನ್ನು ಫೆವಿಕಾಲ್‌ಗೆ ಸೇರಿಸಿದರೆ ಆಗುತ್ತದೆಯೇ?

ಗದ್ದೆಬದು

ಬೋರಿಕ್ ಸೇರಿಸಬೇಡಿ ಸರ್. ಬಿಳಿ ಅಂಟಿನ ಜೊತೆ ಅದು ಗಂಟುಗಟ್ಟಿ ಲೋಳೆಯಂತಾಗುತ್ತದೆ, ಹರಡಲು ಬರುವುದಿಲ್ಲ. ಚರಟದ ಬಣ್ಣ ನೋಡಲು ಚೆನ್ನ, ಆದರೆ ಜೂನ್ ದಾಟುವಷ್ಟರಲ್ಲಿ ಬಿಳಿ ಬೂಸ್ಟು ಖಂಡಿತ. ಮರದ ಹೊಟ್ಟು, ಚಹಾಪುಡಿಗೂ ಇದೇ ಗತಿ. ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದ ಮರಳನ್ನೇ ಬಳಸಿ, ಬಣ್ಣವನ್ನು ಪೇಂಟಿನಿಂದ ತನ್ನಿ. ಕೆಮ್ಮಣ್ಣು ಬೇಕೇ ಬೇಕೆಂದರೆ ಹಳೇ ಬಾಣಲೆಯಲ್ಲಿ 20 ನಿಮಿಷ ಹುರಿದು ಹಾಕಿ. ಹುರಿಯದ ಮಣ್ಣಿನಲ್ಲಿ ಬೀಜ ಮೊಳೆಯುತ್ತದೆ.

ಮೇಲ್ಮೈ ಲೇಪಕ್ಕೆ ಅಕ್ರಿಲಿಕ್ ಪುಟ್ಟಿ 2 ಲೋಟ, ಹೊರಗೋಡೆಯ ಎಮಲ್ಷನ್ 1 ಲೋಟ, ಮರಳು 1 ಲೋಟ, ಫೆವಿಕಾಲ್ ಅರ್ಧ ಲೋಟ. ಕಂದು ಬಣ್ಣದ ಎಮಲ್ಷನ್ ಅನ್ನೇ ಅಂಗಡಿಯಲ್ಲಿ ಕಲಸಿಸಿ ತಂದರೆ ಚೂರು ಕೆತ್ತಿಹೋದರೂ ಬಿಳಿ ಕಾಣುವುದಿಲ್ಲ. ಹೊರಗೋಡೆಯ ಪೇಂಟೇ ಏಕೆ ಎಂದರೆ ಅದರಲ್ಲಿ ಬೂಸ್ಟು ತಡೆಯುವ ಅಂಶ ಇರುತ್ತದೆ. ದಪ್ಪ 2 ಮಿ.ಮೀ. ದಾಟಿದರೆ ಬಿರುಕು. ಸಿಮೆಂಟ್ ಪುಟ್ಟಿ ಹಾಕಿದರೆ ಬೋರ್ಡ್ ಎತ್ತಿದಾಗಲೇ ಸೀಳುತ್ತದೆ.

ಅಳತೆಕೋಲು

ಅಡಿಗೆ ಎಂಡಿಎಫ್ ಅಂದಿದ್ದೀರಿ. ಮಡಿಕೇರಿಯ ಹವೆಗೆ ಅದು ಅಂಚಿನಿಂದ ಉಬ್ಬುತ್ತದೆ. ಒಂದೇ ಮಗ್ಗುಲಿಗೆ ಲೇಪ ಹಚ್ಚಿದರಂತೂ ಬಾಳೆಲೆಯ ಹಾಗೆ ಬಾಗುತ್ತದೆ. ಬೋರ್ಡ್ ಬರೆಯುವವರು ಬಳಸುವ 5 ಮಿ.ಮೀ. ಪಿವಿಸಿ ಸನ್‌ಬೋರ್ಡ್ ನೀರು ಕುಡಿಯುವುದಿಲ್ಲ. 8×4 ಅಡಿಯ ಒಂದೇ ಶೀಟಿನಲ್ಲಿ ಆರು ಚೌಕವೂ ಸಿಗುತ್ತದೆ.

ಕೊನೆಯ ಮ್ಯಾಟ್ ವಾರ್ನಿಷ್ ಅನ್ನು ಮಳೆ ದಿನ ಸ್ಪ್ರೇ ಮಾಡಬೇಡಿ. ತೇವ ಸೇರಿ ಮಂಜು ಕವಿದ ಹಾಗೆ ಬಿಳಿಚುತ್ತದೆ, ಮತ್ತೆ ಹೋಗುವುದಿಲ್ಲ. ನೀರು ಬೆರೆಯುವ ವಾರ್ನಿಷ್ ಅನ್ನು ಬ್ರಷ್‌ನಲ್ಲಿ ಹಚ್ಚಿ. ಎತ್ತಿಡುವಾಗ ಪ್ಲಾಸ್ಟಿಕ್ ಸುತ್ತಬೇಡಿ. ಚೌಕಗಳನ್ನು ಗೋಡೆಯಿಂದ ಒಂದು ಗೇಣು ದೂರ, ನಡುವೆ ಗಾಳಿಯಾಡುವಂತೆ ನೆಟ್ಟಗೆ ನಿಲ್ಲಿಸಿ. ಮರಗಳನ್ನು ಬೇರೆ ಬಿಲ್ಲೆಗಳ ಮೇಲೆ ಮಾಡಿದ್ದರೆ ತೆಗೆದು ಡಬ್ಬಕ್ಕೆ ಹಾಕಬಹುದು. ಆಟದ ಮಧ್ಯೆ ಕಾಡೊಳಗೆ ಗೊಂಬೆ ನುಗ್ಗಿಸುವಾಗಲೂ ಅದೇ ಅನುಕೂಲ.