ತಾಯಿಯವರ ಥೈರಾಯ್ಡ್ ಗಡ್ಡೆಗೆ ಜೀನ್ ಪರೀಕ್ಷೆ ಮಾಡಿಸಬೇಕೇ? ಅನುಭವವಿದ್ದವರು ತಿಳಿಸಿ

ಪ್ರಶ್ನೆ, ಹುಬ್ಬಳ್ಳಿಯಿಂದ: ತಾಯಿಗೆ 71 ವರ್ಷ. ಬಹುಕಾಲ ಸುಮ್ಮನಿದ್ದ ಕುತ್ತಿಗೆಯ ಗಂಟು ಈಚೆಗೆ ಬೇಗ ಬೆಳೆದು ಧ್ವನಿ ಒಡೆದಿದೆ. ಸೂಜಿ ಪರೀಕ್ಷೆಯಲ್ಲಿ ಪ್ಯಾಪಿಲರಿ (ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವ ಥೈರಾಯ್ಡ್ ಕ್ಯಾನ್ಸರ್) ಎಂದು ಬಂದಿದೆ, ಆದರೆ ಕೆಲವು ಕೋಶಗಳು ಉಗ್ರವಾಗಿವೆಯಂತೆ. ವೈದ್ಯರು ಬ್ರಾಫ್, ಟರ್ಟ್ ಎಂಬ ಎರಡು ಜೀನ್‌ಗಳಲ್ಲಿ ಬದಲಾವಣೆ ಇದೆಯೇ ನೋಡೋಣ ಎನ್ನುತ್ತಾರೆ. ಈ ವಯಸ್ಸಿನಲ್ಲಿ ಅದಕ್ಕೆ ಹಣ ಸುರಿಯುವುದು ಬೇಡವೆಂದು ಅಣ್ಣ ಹಟ ಹಿಡಿದಿದ್ದಾರೆ.

ಗದಗದಿಂದ: ನನ್ನ ತಂದೆಯವರದು ಅನಾಪ್ಲಾಸ್ಟಿಕ್, ಥೈರಾಯ್ಡ್ ಕ್ಯಾನ್ಸರಿನಲ್ಲೇ ಅತಿ ಉಗ್ರವಾದದ್ದು. ಬಯಾಪ್ಸಿಗೆ 9,200 ರೂಪಾಯಿ, ಜೀನ್ ಪರೀಕ್ಷೆಗೆ 28,500, ಬಯಾಪ್ಸಿ ಚೂರಿರುವ ಬ್ಲಾಕ್ ಬಿಡಿಸಿಕೊಳ್ಳಲು ಠೇವಣಿ 2,000, ಕೊರಿಯರ್ ಖರ್ಚು ಬೇರೆ. ಉಗುರಿನಷ್ಟು ಚೂರನ್ನು ಮೇಣದಲ್ಲಿ ಕೂರಿಸಿದ ಆ ಪ್ಲಾಸ್ಟಿಕ್ ಬಿಲ್ಲೆಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದ ಸಂಖ್ಯೆ ರಿಪೋರ್ಟಿನ ಸಂಖ್ಯೆಗೆ ತಾಳೆಯಾಗುತ್ತಿಲ್ಲವೆಂದು ಪ್ರಯೋಗಾಲಯದವರು ಅದನ್ನು ಹಾಗೆಯೇ ವಾಪಸು ಕಳಿಸಿದರು. ಮತ್ತೆ ಕಳಿಸಿ ಕಾಯುವಷ್ಟರಲ್ಲಿ ತಂದೆಯವರಿಗೆ ಗಂಜಿಯೂ ಇಳಿಯದಾಗಿ, ಉಸಿರಾಟಕ್ಕೆ ಗಂಟಲಲ್ಲಿ ಕೊಳವೆ ಹಾಕಿಸಬೇಕಾಯಿತು. ಬ್ರಾಫ್ ವಿ600ಇ (ಆ ಜೀನಿನ ಒಂದು ನಿರ್ದಿಷ್ಟ ಬದಲಾವಣೆ) ಪಾಸಿಟಿವ್ ಎಂಬ ರಿಪೋರ್ಟ್ ಕೈಸೇರಿದ್ದು ಶಿವಗಣಾರಾಧನೆಯ ಪತ್ರಿಕೆಯನ್ನು ಅಚ್ಚಿಗೆ ಕೊಟ್ಟ ದಿನ. ಮಾತ್ರೆಗೆ ಬಗ್ಗುವ ರೋಗವಿತ್ತೆಂದು ಅವರು ಹೋದ ಮೇಲೆ ತಿಳಿದುಕೊಳ್ಳಲು ಅಷ್ಟು ಹಣ ತೆತ್ತೆವು. ಪರೀಕ್ಷೆ ಬೇಡವೆನ್ನುವ ಅಣ್ಣನ ಮಾತು ನನಗೆ ತಪ್ಪೆನಿಸುವುದಿಲ್ಲ.

ರಾಣೇಬೆನ್ನೂರಿನಿಂದ: ಸರ್, ತಡವಾದದ್ದಕ್ಕೆ ಪರೀಕ್ಷೆಯನ್ನೇ ದೂರಬೇಡಿ. ನಮ್ಮ ಅತ್ತೆಯವರಿಗೂ ಅದೇ ರೋಗ. ನಮ್ಮ ವೈದ್ಯರು ಹಲವು ಜೀನ್‌ಗಳನ್ನು ಒಟ್ಟಿಗೆ ನೋಡುವ ದೊಡ್ಡ ಪ್ಯಾನೆಲ್‌ಗೆ ಕಾಯದೆ, ಬ್ಲಾಕಿನಿಂದ ಒಂದು ಪದರ ಕೊಯ್ಯಿಸಿ ಐಎಚ್‌ಸಿ (ಬದಲಾದ ಪ್ರೋಟೀನನ್ನು ಗುರುತಿಸುವ) ಬಣ್ಣ ಹಾಕಿಸಿ ಬ್ರಾಫ್ ನೋಡಿದರು. ಖರ್ಚು 4,000 ರೂಪಾಯಿಯೊಳಗೆ ಮುಗಿದು, ಉತ್ತರ ಅದೇ ವಾರ ಸಿಕ್ಕಿತು. ಬ್ರಾಫ್ ಪಾಸಿಟಿವ್ ಆದವರಿಗೆ ಕೊಡುವ ಡಾಬ್ರಾಫೆನಿಬ್ ಮತ್ತು ಟ್ರಾಮೆಟಿನಿಬ್ ಮಾತ್ರೆಗಳ ಜೋಡಿಗೆ ಈ ರೋಗದಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟದ್ದು 2018ರಲ್ಲಿ, ಆದರೆ ನಮ್ಮ ವಿಮೆಯವರು ಕೈಯೆತ್ತಿದರು. ಮೆಣಸಿನಕಾಯಿ ಮಾರಿದ ಹಣ ಮೊದಲ ತಿಂಗಳಿಗೇ ತೀರಿ, ಆಮೇಲೆ ನನ್ನ ಪಾಟ್ಲಿಗಳನ್ನು ಒತ್ತೆಯಿಟ್ಟೆವು. ಟ್ರಾಮೆಟಿನಿಬ್ ಫ್ರಿಜ್ಜಿನಲ್ಲಿರಬೇಕಾದ್ದರಿಂದ ಕರೆಂಟ್ ಹೋದಾಗಲೆಲ್ಲ ಡಬ್ಬಿಯನ್ನು ಪಕ್ಕದ ಔಷಧದಂಗಡಿಗೆ ಒಯ್ದಿಡುತ್ತಿದ್ದೆವು. ಮೈ ನಡುಗಿಸುವ ಜ್ವರ ಬಂದು ಮಾತ್ರೆ ನಿಲ್ಲಿಸುವುದು, ಜ್ವರ ಇಳಿದ ಮೇಲೆ ಮತ್ತೆ ಶುರು ಮಾಡುವುದು ನಡೆದೇ ಇತ್ತು. ಆದರೂ ಗಡ್ಡೆ ಕುಗ್ಗಿತು, ಅತ್ತೆಯವರು ಹಾಲಿನಲ್ಲಿ ರೊಟ್ಟಿ ನೆನೆಸಿ ಉಂಡರು, ಮೊಮ್ಮಗಳ ಮದುವೆಯಲ್ಲಿ ನಿಂತು ಅಕ್ಕಿಕಾಳು ಹಾಕಿದರು. ರೋಗ ಕೊನೆಗೆ ಮರಳಿತು, ನಿಜ. ಪಾಟ್ಲಿ ಹೋದದ್ದಕ್ಕೆ ನನಗೆ ಎಳ್ಳಷ್ಟೂ ದುಃಖವಿಲ್ಲ.

ಧಾರವಾಡದಿಂದ: ಕೇಳಿದವರು ಪ್ಯಾಪಿಲರಿ ಎಂದು ಬರೆದಿರುವಾಗ ಇಬ್ಬರೂ ಅನಾಪ್ಲಾಸ್ಟಿಕ್ ಕಥೆ ಹೇಳಿ ಹೆದರಿಸುತ್ತಿದ್ದೀರಿ. ನನ್ನದು ಪ್ಯಾಪಿಲರಿ, 63ನೆಯ ವಯಸ್ಸಿನಲ್ಲಿ ಇಡೀ ಗ್ರಂಥಿ ತೆಗೆಸಿದೆ. ಬ್ರಾಫ್, ಟರ್ಟ್ ಎರಡರ ಬದಲಾವಣೆಯೂ ಇತ್ತು. ಎರಡೂ ಕೂಡಿದರೆ ರೋಗ ಮರಳುವ ಸಂಭವ ಒಂದೇ ಇದ್ದಾಗಿನದಕ್ಕಿಂತ ಹೆಚ್ಚು. ಅದಕ್ಕೇ ವೈದ್ಯರು 100 ಮಿಲಿಕ್ಯೂರಿ ವಿಕಿರಣಶೀಲ ಅಯೋಡಿನ್ ಕೊಟ್ಟು, ರೋಗ ಮರಳಿದೆಯೇ ಎಂದು ತಿಳಿಸುವ ಥೈರೋಗ್ಲೋಬ್ಯುಲಿನ್ ರಕ್ತ ತಪಾಸಣೆಯನ್ನು ಬಿಗಿಗೊಳಿಸಿದರು. ಶಸ್ತ್ರಚಿಕಿತ್ಸೆಯ ಮರುದಿನ ಕ್ಯಾಲ್ಸಿಯಂ ಇಳಿದು ತುಟಿ ಜುಮ್ಮೆಂದು ಬೆರಳುಗಳು ಸೆಟೆದುಕೊಂಡವು. ಇಂದಿಗೂ ಮಾತ್ರೆ ತಪ್ಪಿಸುವಂತಿಲ್ಲ. ಕತ್ತಿಗೆ ಹೆದರದವನು ಬದುಕುತ್ತಾನೆ, ಮಾತ್ರೆಗಳ ಹಿಂದೆ ಓಡಿ ಒಡವೆ ಕಳೆದುಕೊಳ್ಳುವುದು ಅನಗತ್ಯ.

ರಾಣೇಬೆನ್ನೂರಿನಿಂದ: ಹಿರಿಯರಾಗಿ ಹೀಗೆ ಬರೆಯಬಾರದಿತ್ತು. ನಮ್ಮ ಅತ್ತೆಯವರ ಗಡ್ಡೆ ಶ್ವಾಸನಾಳವನ್ನು ಸುತ್ತಿಕೊಂಡಿತ್ತು. ಕತ್ತಿ ಇಡಲು ಜಾಗವೇ ಇಲ್ಲವೆಂದು ಶಸ್ತ್ರವೈದ್ಯರೇ ಹೇಳಿದ್ದರು. ಅವರದೂ ಮೊದಲು ಪ್ಯಾಪಿಲರಿಯೇ. ವರ್ಷಗಟ್ಟಲೆ ಸುಮ್ಮನಿದ್ದ ಪ್ಯಾಪಿಲರಿ ಮುಪ್ಪಿನಲ್ಲಿ ಅನಾಪ್ಲಾಸ್ಟಿಕ್ ಆಗಿ ತಿರುಗುವುದುಂಟು, ಹಾಗೆ ತಿರುಗಿದ್ದು ಅಯೋಡಿನ್ನನ್ನು ಹೀರುವುದೇ ಇಲ್ಲ. ಇವರ ತಾಯಿಯ ಗಂಟು ಬೇಗ ಬೆಳೆದು ಧ್ವನಿ ಒಡೆದಿದೆ ಎಂಬುದನ್ನು ತಾವು ಓದಿದಿರೋ ಇಲ್ಲವೋ?

ಧಾರವಾಡದಿಂದ: ಓದಿದ್ದೇನೆ ತಾಯೀ. ಸೂಜಿಯ ರಿಪೋರ್ಟನ್ನು ಬದಿಗಿಟ್ಟು ನೀವೇ ರೋಗ ನಿರ್ಣಯ ಮಾಡುವುದು ಬೇಡ.

ಗದಗದಿಂದ: ಸೂಜಿಗೆ ಸಿಗುವುದು ಗಡ್ಡೆಯ ಒಂದು ಮೂಲೆ ಮಾತ್ರ, ಸರ್. ನಮ್ಮ ತಂದೆಯವರ ಮೊದಲ ರಿಪೋರ್ಟಿನಲ್ಲೂ ಪ್ಯಾಪಿಲರಿ ಎಂದೇ ಇತ್ತು, ಅದನ್ನು ನಂಬಿ ನಾವು ಬೇಸಿಗೆ ಮುಗಿಯಲೆಂದು ಕಾದೆವು. ಅಕ್ಕಾವ್ರೇ, ಐಎಚ್‌ಸಿ ಎಂಬ ದಾರಿಯಿದೆ ಎಂದು ನಮಗೆ ಆಗ ಒಬ್ಬರೂ ಹೇಳಲಿಲ್ಲ. ಅದೇ ಬ್ಲಾಕ್ ನಮ್ಮ ಮುಂದಿತ್ತು. ಹುಬ್ಬಳ್ಳಿಯವರೇ, ಪರೀಕ್ಷೆ ಮಾಡಿಸುವುದಾದರೆ ಆ ಬಣ್ಣವನ್ನು ಮೊದಲು ಕೇಳಿರಿ, ಬ್ಲಾಕ್ ಕೈಗೆ ಬಂದಾಗ ಅದರ ಸಂಖ್ಯೆಯನ್ನು ಅಲ್ಲೇ ಕೌಂಟರಿನಲ್ಲಿ ನಿಂತು ರಿಪೋರ್ಟಿನೊಂದಿಗೆ ಹೋಲಿಸಿ ನೋಡಿರಿ.