ಗಾಲ್ಫಲ್ಲಿ ಏಳನೇ ಐರನ್ ಕೋಲಿನ ಪೆಟ್ಟು 110 ಗಜ ದಾಟ್ತಾನೇ ಇಲ್ಲ, ಎಂತ ಮಾಡೋದು?

ಬ್ಯಾಣದ_ಗಾಲ್ಫರ್: ತಲೆ ಕೆಟ್ಟುಹೋಗಿದೆ ಮಾರಾಯ್ರೆ. ಆಟ ಶುರು ಮಾಡಿ ವರ್ಷ ಆಗ್ತಾ ಬಂತು. ಸ್ವಿಂಗ್ ಮೊದಲಿಗಿಂತ ಚಂದ ಆಗಿದೆ ಅಂತ ನೋಡಿದವರೆಲ್ಲ ಹೇಳ್ತಾರೆ, ಬಾಲ್ ಮಾತ್ರ ಮುಂದೆ ಹೋಗಲ್ಲ. ಏಳನೇ ಐರನ್ 110 ಗಜಕ್ಕೇ ಸುಸ್ತು. ಬೆಂಗಳೂರಿನ ಭಾವ ಅದೇ ಏಳರಲ್ಲಿ 145 ಹೊಡೀತಾನೆ, ಅದೂ ಆ ಹೊಟ್ಟೆ ಇಟ್ಕೊಂಡು. ನಾನು ಜೋರಾಗಿ ಬೀಸಿದಷ್ಟೂ ಇನ್ನೂ ಕಮ್ಮಿ. ಏನು ಬದಲಾಯಿಸಬೇಕು?

ಶಾಫ್ಟ್_ಪ್ರಿಯ: ಶಾಫ್ಟ್, ಅಂದ್ರೆ ಕೋಲಿನ ದಂಡ, ಯಾವುದು? ಸ್ಟಿಫ್ (ಅಷ್ಟಾಗಿ ಬಗ್ಗದ್ದು) ಇದ್ರೆ ಮೊದಲು ಅದನ್ನ ತೆಗೀರಿ.

ಬ್ಯಾಣದ_ಗಾಲ್ಫರ್: ಸ್ಟೀಲ್. ಸ್ಟಿಕ್ಕರ್ ಕಿತ್ತುಹೋಗಿದೆ. ಸೆಕೆಂಡ್ ಹ್ಯಾಂಡ್ ಸೆಟ್.

ಶಾಫ್ಟ್_ಪ್ರಿಯ: ಅಲ್ಲೇ ಇದೆ ರೋಗ. ಗ್ರಾಫೈಟ್ ರೆಗ್ಯುಲರ್ (ಸ್ವಲ್ಪ ಬಗ್ಗೋದು) ಹಾಕಿಸಿ, 20 ಗಜ ಬಿಟ್ಟಿ ಸಿಗುತ್ತೆ.

ಸಾಗರದ_ಸ್ಲೈಸ್: 20 ಗಜವಾ? ಬರೀ ಶಾಫ್ಟ್ ಬದಲಾಯಿಸಿ ನಾಲ್ಕೈದು ಗಜ ಸಿಕ್ಕಿದ್ರೂ ಗಣಪತಿಗೆ ಕಾಯಿ ಒಡೀಬೇಕು. ಸೆಟ್ ಎಷ್ಟು ಹಳೇದು ಅಂತ ಕೇಳ್ರಿ ಮೊದಲು. ಹಳೇ ಏಳರ ಲಾಫ್ಟ್ (ಫೇಸ್, ಅಂದ್ರೆ ಬಾಲಿಗೆ ತಗಲೋ ಮುಖ, ಹಿಂದಕ್ಕೆ ಓರೆ ಇರೋದು) 34-35 ಡಿಗ್ರಿ, ಈಗ ದೂರಕ್ಕೆ ಅಂತಲೇ ಮಾಡೋ ಸೆಟ್ಟಲ್ಲಿ 28-30. ಭಾವನ ಏಳು ಅಂದ್ರೆ ನಿಮ್ಮ ಆರು. ಕ್ಲಬ್ ಮೇಲಿನ ನಂಬರ್ ನೋಡಿ ಹೊಟ್ಟೆ ಉರ್ಕೋಬೇಡಿ.

ಮಳೆಕಾಡು: ಶಾಫ್ಟೂ ಅಲ್ಲ, ಲಾಫ್ಟೂ ಅಲ್ಲ. ಮಳೆಗಾಲ ಸ್ವಾಮಿ. ತೀರ್ಥಹಳ್ಳಿಯಿಂದ ಮೇಲೆ ಗಾಳಿ ತುಂಬ ನೀರು, ಗಾಳಿ ಭಾರ, ಬಾಲ್ ಹೋಗಲ್ಲ.

ಸಾಗರದ_ಸ್ಲೈಸ್: ಉಲ್ಟಾ. ನೀರಾವಿ ಒಣ ಗಾಳಿಗಿಂತ ಹಗುರ. ನೀರಿನ ಅಣುತೂಕ 18, ಸಾರಜನಕ 28, ಆಮ್ಲಜನಕ 32. ತೇವ ಜಾಸ್ತಿ ಆದಷ್ಟೂ ಗಾಳಿ ಹಗುರ ಆಗುತ್ತೆ, ಕೂದಲೆಳೆಯಷ್ಟು.

ಮಳೆಕಾಡು: ಹಂಗಾದ್ರೆ ಜುಲೈನಲ್ಲಿ ನನ್ನ ಡ್ರೈವ್ ಯಾಕೆ ಕಮ್ಮಿ?

ಸಾಗರದ_ಸ್ಲೈಸ್: ಚಳಿ, ಒದ್ದೆ ಫೇಸ್, ಬಿದ್ದಲ್ಲೇ ಹುಗಿಯೋ ನೆಲ. ಉರುಳೋದು ಸೊನ್ನೆ. ಅಣು ಮೇಲೆ ಹಾಕಬೇಡಿ.

ಮಳೆಕಾಡು: ಬಂದ್ರಪ್ಪ ಫಿಸಿಕ್ಸ್ ಮೇಷ್ಟ್ರು.

ಬ್ಯಾಣದ_ಗಾಲ್ಫರ್: ನನ್ನ ಪ್ರಶ್ನೆ ಅಲ್ಲೇ ಉಳೀತು. ಅಂದಹಾಗೆ ಐದನೇದೂ ಅಷ್ಟೇ ದೂರ ಹೋಗೋದು, ಒಂಬತ್ತು ಸುಮಾರು 100. ಎಲ್ಲವೂ ಅಡಿಕೆ ಮರದ ತುದಿ ದಾಟಿ ಮೇಲೇಳುತ್ತೆ, ಆಮೇಲೆ ಪಚಕ್ ಅಂತ ಬೀಳುತ್ತೆ.

ಕೊಪ್ಪದ_ಬೋಗಿ: ಇದನ್ನ ಮೊದಲೇ ಹೇಳಿದ್ರೆ ಇಷ್ಟು ಜಗಳ ಇರ್ತಿರಲಿಲ್ಲ! ನಂಬರ್ ಕಮ್ಮಿ ಆದಷ್ಟೂ ದೂರ ಹೋಗಬೇಕು; ಐದು, ಏಳು ಒಂದೇ ದೂರ ಅಂದ್ರೆ ಕೊಡುವ ಪೆಟ್ಟಲ್ಲೇ ತಕರಾರು. ಹಾರೆಯಲ್ಲಿ ಮಣ್ಣು ಎತ್ತಿದ ಹಾಗೆ ಬಾಲನ್ನ ಎತ್ತೋಕೆ ಹೋಗ್ತಿದೀರಿ. ಮಣಿಕಟ್ಟು ಬೇಗ ಬಿಚ್ಚಿ ಫೇಸ್ ಹಿಂದಕ್ಕೆ ಮಲಗುತ್ತೆ, 34ರ ಲಾಫ್ಟ್ ಬಾಲಿಗೆ ತಗಲುವಾಗ 40ರ ಹತ್ತಿರ. ಶಕ್ತಿ ಎಲ್ಲ ಎತ್ತರಕ್ಕೇ ಖರ್ಚು. ಜೋರಾಗಿ ಬೀಸಿದ್ರೆ ಪೆಟ್ಟು ಇನ್ನೂ ಆಚೀಚೆ ಆಗುತ್ತೆ, ಅದಕ್ಕೇ ಕಮ್ಮಿ.

ಫೇಸ್ ಒರೆಸಿ ತೆಳ್ಳಗೆ ಮುಖದ ಪೌಡರ್ ಹಚ್ಚಿ, ಒಂದು ಬಾಲ್ ಹೊಡೆದು ಗುರುತು ನೋಡಿ. ಆಮೇಲೆ ಹುಲ್ಲಿನ ಮೇಲೆ ಸುಣ್ಣದ ಗೆರೆ ಎಳೆದು ಬಾಲನ್ನ ಅದರ ಮೇಲಿಡಿ. ಮಣ್ಣು ಏಳೋದು ಗೆರೆಯಿಂದ ಗುರಿಯ ಕಡೆಗೆ ಇರಬೇಕು. ಸೊಂಟದೆತ್ತರದ ಅರ್ಧ ಸ್ವಿಂಗಲ್ಲಿ ಅದು ಬರೋವರೆಗೂ ಪೂರ್ತಿ ಬೀಸಬೇಡಿ. ರಬ್ಬರ್ ಮ್ಯಾಟ್ ಮೇಲೆ ಇದನ್ನ ಮಾಡಬೇಡಿ, ಹಿಂದೆ ತಗಲಿದ್ರೂ ಕ್ಲಬ್ ಜಾರಿ ಮುಂದೆ ಹೋಗುತ್ತೆ, ಗೊತ್ತೇ ಆಗಲ್ಲ.

ಇನ್ನು ಎಲ್‌ಪಿಜಿಎ (ಅಮೆರಿಕದ ಮಹಿಳಾ ವೃತ್ತಿಪರ ಗಾಲ್ಫ್) ಆಟಗಾರ್ತಿಯರದ್ದೇ ಏಳನೇ ಐರನ್ ಕ್ಯಾರಿ (ನೆಲ ಮುಟ್ಟೋವರೆಗೆ ಹಾರಿದ ದೂರ) ಸರಾಸರಿ 140ರ ಆಸುಪಾಸು. ಭಾವನ 145 ಕ್ಯಾರಿನೋ, ಉರುಳಿದ್ದೂ ಸೇರಿಸಿನೋ ಕೇಳಿ. ನಮ್ಮ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದಿದ್ದು ದೂರ ಹೊಡೆದಲ್ಲ.

ಶಾಫ್ಟ್_ಪ್ರಿಯ: ಸ್ಟಿಫ್ ಶಾಫ್ಟ್ ಇದ್ರೂ ಮಣಿಕಟ್ಟು ಬೇಗ ಬಿಚ್ಚುತ್ತೆ. ನಾನು ಹೇಳಿದ್ದೂ ಅದೇ.

ಕೊಪ್ಪದ_ಬೋಗಿ: ನೀವು ಹೇಳಿದ್ದು ಅಂಗಡಿಗೆ ಹೋಗಿ ಅಂತ.

ಬ್ಯಾಣದ_ಗಾಲ್ಫರ್: ಪೌಡರ್ ಹಚ್ಚಿ ನೋಡಿದೆ. ಗುರುತೆಲ್ಲ ಟೋ (ಫೇಸಿನ ಹೊರತುದಿ) ಕಡೆ, ಕೆಳಗಿನ ಗೀರುಗಳ ಮೇಲೆ. ನಡುಮಧ್ಯ ಪೌಡರ್ ಹಚ್ಚಿದ ಹಾಗೇ ಇದೆ. ಮಣ್ಣು ಎದ್ದಿದ್ದು ಗೆರೆಯಿಂದ ಒಂದು ಗೇಣು ಹಿಂದೆ. ಆದ್ರೆ ಅರ್ಧ ಸ್ವಿಂಗಲ್ಲಿ ನಡುವೆ ಸಿಕ್ಕಿದ ಒಂದು ಬಾಲ್, ಕೈಗೆ ಏನೂ ಗೊತ್ತೇ ಆಗಲಿಲ್ಲ, ತಗ್ಗಾಗಿ ಹೋಗಿ ಪೂರ್ತಿ ಬೀಸಿದಷ್ಟೇ ದೂರ ಬಿತ್ತು. ಡ್ರೈವರ್‌ಗೂ (ಅತಿ ದೂರ ಹೊಡೆಯೋ ಕೋಲು) ಇದೇ ಗೆರೆ ಲೆಕ್ಕಾನಾ?

ಕೊಪ್ಪದ_ಬೋಗಿ: ಅಲ್ಲ. ಡ್ರೈವರಲ್ಲಿ ಬಾಲ್ ಟೀ (ನೆಲಕ್ಕೆ ಚುಚ್ಚೋ ಗೂಟ) ಮೇಲಿರುತ್ತೆ, ಕ್ಲಬ್ ಮೇಲಕ್ಕೆ ತಿರುಗಿದ ಮೇಲೆ ಹೊಡೀಬೇಕು. ಬೇರೆ ಥ್ರೆಡ್ ಹಾಕಿ.

ಮಳೆಕಾಡು: ಬ್ಯಾಣದಲ್ಲಿ (ಹುಲ್ಲುಗಾವಲಲ್ಲಿ) ಬಾಲ್ ಹುಡುಕೋದೇ ಒಂದು ಕೆಲಸ. ನಾನು ಅಡಿಕೆ ಕಣದಲ್ಲೇ ದಬ್ಬೆ ಕಟ್ಟಿ ಎರಡು ಪದರ ಶೇಡ್ ನೆಟ್ ಇಳಿಬಿಟ್ಟಿದೀನಿ, ಮೇಲೆ ತಗಡು. ಎಂಥಾ ಮಳೆಯಲ್ಲೂ ಪ್ರಾಕ್ಟೀಸ್.

ಶಾಫ್ಟ್_ಪ್ರಿಯ: ಶೇಡ್ ನೆಟ್ ಡ್ರೈವರ್ ಪೆಟ್ಟು ತಡೆಯುತ್ತಾ? ನಂದು ಮೀನಿನ ಬಲೆ, ಹಿಂದೆ ಹಳೇ ಕಂಬಳಿ. ಫೋಟೋ ಹಾಕ್ತೀನಿ ಇರಿ.

ಮಳೆಕಾಡು: ಹಾಕಿ ಹಾಕಿ. ಕಂಬಳಿ ಒದ್ದೆ ಆದ್ರೆ ಎಂತ ಮಾಡ್ತೀರಿ?